ಬಿ12 ಕೊರತೆಯ ಜೋಮಿಗೆ ಕನ್ನಡದಲ್ಲಿ ಏನಂತ ಬರೆಯೋದು?

ಎಲ್ಲರಿಗೂ ನಮಸ್ಕಾರ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಬಳಗದ ಹಿರಿಯರಿಗಾಗಿ ಬಿ12 ವಿಟಮಿನ್ ಕೊರತೆ ಬಗ್ಗೆ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ನಿಂತುಬಿಟ್ಟಿದೆ.

ಈ ಕೊರತೆಯಿಂದ ಆಗುವ ‘ರಕ್ತಹೀನತೆ’ ಎಲ್ಲರಿಗೂ ಗೊತ್ತಿರುವ ಪದ. ಆದರೆ ಅದನ್ನು ಕೇಳಿದ ಕೂಡಲೇ ಕಬ್ಬಿಣದ ಮಾತ್ರೆ, ಪಾಲಕ್ ಸೊಪ್ಪು ನೆನಪಾಗುತ್ತವೆ. ಸೊಪ್ಪಿನಲ್ಲಿ ಬಿ12 ಇಲ್ಲ, ಅದು ಸಿಗೋದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ಇನ್ನು ಕೆಲವರಿಗೆ ಹಿಮೋಗ್ಲೋಬಿನ್ ಸರಿಯಾಗೇ ಇದ್ದು ನರಗಳಿಗೆ ಪೆಟ್ಟು ಬಿದ್ದಿರುತ್ತದೆ. 1928ರಲ್ಲಿ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಇದೇ ಮುಂಬಯಿಗೆ ಬಂದು ಗಿರಣಿ ಕೆಲಸದ ಬಸುರಿಯರ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುತ್ತೆ ಅಂತ ಕಂಡುಕೊಂಡರಲ್ಲ, ಅದರೊಳಗಿದ್ದದ್ದು ಫೋಲೇಟ್ ಅನ್ನೋ ಇನ್ನೊಂದು ಬಿ ವಿಟಮಿನ್ ಅಂತ ಆಮೇಲೆ ತಿಳಿಯಿತು. ಬಿ12 ಕೊರತೆಗೆ ಬರೀ ಫೋಲಿಕ್ ಆಸಿಡ್ (ಮಾತ್ರೆಯಲ್ಲಿರುವ ಫೋಲೇಟ್) ಕೊಟ್ಟರೆ ರಕ್ತ ಸುಧಾರಿಸುತ್ತದೆ, ನರದ ತೊಂದರೆ ಮಾತ್ರ ಒಳಗೊಳಗೇ ಬೆಳೆಯುತ್ತದೆ. ಹಾಗಾಗಿ ತಲೆಬರಹದಿಂದ ‘ರಕ್ತಹೀನತೆ’ ತೆಗೆದುಹಾಕಿದೆ.

‘ನರದೌರ್ಬಲ್ಯ’ ಅಂತ ಬರೆದರೆ ಗೋಡೆ ಮೇಲಿನ ಗುಪ್ತರೋಗದ ಜಾಹೀರಾತು ಆಗುತ್ತೆ! ‘ನರಹಾನಿ’ ನನಗಂತೂ ‘ನರಹತ್ಯೆ’ಯ ತಮ್ಮನ ಹಾಗೆ ಕೇಳಿಸುತ್ತೆ. ಸಾಲದ್ದಕ್ಕೆ ರಕ್ತ ತೆಗೆಯುವಾಗ ‘ನರ ಸಿಗ್ತಿಲ್ಲ’ ಅಂತೀವಿ, ಅದು ರಕ್ತನಾಳ.

ನಿಜವಾದ ಕಷ್ಟ ‘ಜೋಮು’. ಕಾಲು ಮಡಚಿ ಕೂತು ಬಂದ ಜೋಮು ಒದರಿದರೆ ಹೋಗುತ್ತೆ. ಬಿ12 ಕೊರತೆಯದ್ದು ಹೆಚ್ಚಾಗಿ ಎರಡೂ ಪಾದಗಳಲ್ಲಿ ಜುಮುಜುಮು ಅಂತ ಶುರುವಾಗಿ ಹೋಗದೆ ಉಳಿಯುತ್ತೆ, ಆಮೇಲೆ ಮುಟ್ಟಿದ್ದೇ ತಿಳಿಯಲ್ಲ, ಬೆನ್ನುಹುರಿಗೂ ಪೆಟ್ಟಾದರೆ ಪಾದ ಎಲ್ಲಿದೆ ಅನ್ನೋದು ಕಣ್ಣಿಂದಲೇ ಗೊತ್ತಾಗಬೇಕು, ಅದಕ್ಕೇ ಕತ್ತಲಲ್ಲಿ ಅಥವಾ ಮುಖ ತೊಳೆಯಲು ಕಣ್ಣು ಮುಚ್ಚಿದಾಗ ಓಲಾಡುತ್ತಾರೆ. ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡರೂ ಬಿ12 ಇಳಿಯಬಹುದು. ಆದರೆ ‘ಜೋಮು’ ಅಂದರೆ ಸಕ್ಕರೆ ಕಾಯಿಲೆಯದ್ದೇ ಅಂತ ಸುಮ್ನಿರೋರೇ ಜಾಸ್ತಿ.

ಮರಾಠಿಯಲ್ಲಿ ಎರಡು ಮಾತಿದೆ. ಇರುವೆ ಹರಿದಂತಾದರೆ ‘ಮುಂಗ್ಯಾ ಯೇಣೆ’, ಸ್ಪರ್ಶ ಹೋದರೆ ‘ಬಧೀರ್’. ಇಲ್ಲಿನ ಡಾಕ್ಟರು ‘ಪಾಯ್ ಬಧೀರ್ ಹೋತಾತ್ ಕಾ?’ (ಕಾಲಿನ ಸ್ಪರ್ಶ ಹೋಗುತ್ತಾ?) ಅಂತ ಕೇಳಿದರೆ, ಬಧಿರ ಅಂದರೆ ಕಿವುಡು ಅಂತ ತಿಳಿದ ನಮ್ಮ ಅಜ್ಜಂದಿರು ಏನು ಹೇಳಬೇಕು!

ಸದ್ಯಕ್ಕೆ ‘ಜುಮುಜುಮು’, ‘ಮರಗಟ್ಟುವುದು’ ಅಂತ ಬೇರೆ ಬೇರೆ ಹಾಕಿದ್ದೇನೆ. ಆದರೆ ಚಳಿಗೂ ಬೆರಳು ಮರಗಟ್ಟುತ್ತೆ, ಅಲ್ವಾ? ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ಮನೆಯಲ್ಲಿ ಏನಂತೀರಿ? ಒದರಿದರೂ ಹೋಗದ ಜೋಮಿಗೆ ನಿಮ್ಮಲ್ಲಿ ಬೇರೆ ಮಾತಿದೆಯಾ? ಕರಪತ್ರ ಅಚ್ಚಿಗೆ ಹೋಗುವ ಮೊದಲು ತಿಳಿಸಿ.