ಮೂಸಿಲ್ ಓದು: ಎಲ್ಲಿಂದ ಶುರು ಮಾಡೋದು, ಎಲ್ಲಿ ನಿಲ್ಲಿಸೋದು?

ಅರೆಓದು:

ಆಸ್ಟ್ರಿಯಾದ ಲೇಖಕ ರಾಬರ್ಟ್ ಮೂಸಿಲ್‌ನ ‘ಗುಣಗಳಿಲ್ಲದ ಮನುಷ್ಯ’ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಓದುತ್ತಿದ್ದೇನೆ. ಎರಡನೇ ಭಾಗದಲ್ಲಿ, ನಲವತ್ತನೇ ಅಧ್ಯಾಯದ ಆಸುಪಾಸಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಚಕ್ರವರ್ತಿಯ ಉತ್ಸವಕ್ಕೆ ಸಮಿತಿ ಸೇರುತ್ತೆ, ಮಾತಾಡುತ್ತೆ, ಏನೂ ಆಗಲ್ಲ. ಮನಸ್ಸಿನ ಒಳಗನ್ನೂ ಕಾಮವನ್ನೂ ಇವನ ಹಾಗೆ ಬರೆದವರು ಕಡಿಮೆ ಅಂತಾರಲ್ಲ, ಅದು ಈ ಪುಸ್ತಕದಲ್ಲಿ ಎಲ್ಲಿದೆ? ಅಧ್ಯಾಯ ಬಿಟ್ಟು ಓದಿದರೆ ನಡೆಯುತ್ತಾ? ಇಲ್ಲ, ಇದನ್ನು ಪಕ್ಕಕ್ಕಿಟ್ಟು ಸಣ್ಣ ಪುಸ್ತಕದಿಂದ ಶುರು ಮಾಡಬೇಕಾ? ಮುಗಿಯದ ಕಾದಂಬರಿ ಬೇರೆ, ಎಲ್ಲಿ ನಿಲ್ಲಿಸಬೇಕು ಅನ್ನೋದೂ ಗೊತ್ತಾಗ್ತಿಲ್ಲ.

ಅಂಚಿನಟಿಪ್ಪಣಿ:

ಏನೂ ಆಗಲ್ಲ ಅನ್ನಿಸಿದ್ದು ನಿಮ್ಮ ತಪ್ಪಲ್ಲ. ಇದರಿಂದ ಏನೂ ಹುಟ್ಟೋದಿಲ್ಲ ಅಂತ ಮೊದಲ ಅಧ್ಯಾಯದ ತಲೆಬರಹದಲ್ಲೇ ಅವನು ಹೇಳಿಬಿಟ್ಟಿದ್ದಾನೆ. ಸಮಿತಿಯ ಲೆಕ್ಕ ಹೀಗಿದೆ: 1918ಕ್ಕೆ ಆಸ್ಟ್ರಿಯಾದ ಚಕ್ರವರ್ತಿ ಫ್ರಾನ್ಸ್ ಯೋಸೆಫ್ ಪಟ್ಟಕ್ಕೆ ಬಂದು 70 ವರ್ಷ, ಅದೇ ವರ್ಷ ಜರ್ಮನಿಯ ಎರಡನೇ ವಿಲ್ಹೆಲ್ಮ್‌ಗೆ 30. ಅವರಿಗಿಂತ ನಮ್ಮದು ದೊಡ್ಡದಾಗಬೇಕು. ಕಥೆ ಶುರುವಾಗೋದು 1913ರ ಆಗಸ್ಟಿನಲ್ಲಿ. 1918 ಮುಗಿಯೋ ಹೊತ್ತಿಗೆ ಆ ಚಕ್ರವರ್ತಿಯೂ ಇಲ್ಲ, ಸಾಮ್ರಾಜ್ಯವೂ ಇಲ್ಲ ಅನ್ನೋದು ಓದುಗನಿಗೆ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ಸಭೆಗಳ ಹಾಸ್ಯವೆಲ್ಲ ಈ ಅಂತರದಿಂದಲೇ ಬರುತ್ತೆ. ಮುಂದೇನಾಯ್ತು ಅಂತ ಹುಡುಕಿಕೊಂಡು ಓದಿದರೆ ಸುಸ್ತಾಗೋದು ಖಂಡಿತ.

ಕಾಮ ಎಲ್ಲಿದೆ ಅಂದಿರಿ. ನೀವು ಈಗಾಗಲೇ ದಾಟಿ ಬಂದ ಪುಟಗಳಲ್ಲೇ ಇದೆ. 14ನೇ ಅಧ್ಯಾಯದಲ್ಲಿ ವಾಲ್ಟರ್ ಮತ್ತು ಕ್ಲಾರಿಸ್ಸ್ ಗಂಡ ಹೆಂಡತಿ ಕೂತು ಪಿಯಾನೋ ನುಡಿಸೋದನ್ನು ಮತ್ತೊಮ್ಮೆ ನೋಡಿ. ವಾಲ್ಟರ್ ಸಂಗೀತಗಾರ ವಾಗ್ನರ್‌ನ ರಚನೆ ನುಡಿಸಿದರೆ ಅವಳು ವಾರಗಟ್ಟಲೆ ಅವನನ್ನು ಹತ್ತಿರ ಸೇರಿಸೋದಿಲ್ಲ. ಅವನು ಗೊತ್ತಿದ್ದೂ, ಕಳ್ಳಚಟದ ಹಾಗೆ, ಅದನ್ನೇ ನುಡಿಸ್ತಾನೆ. ಹಾಸಿಗೆಯ ವರ್ಣನೆ ಒಂದು ಸಾಲೂ ಇಲ್ಲ, ಆದರೂ ಒಂದು ದಾಂಪತ್ಯದ ಆಸೆ, ಶಿಕ್ಷೆ, ಹಟ ಎಲ್ಲ ಅಲ್ಲಿದೆ. ಮೂಸಿಲ್‌ನ ವಿಧಾನವೇ ಇದು: ಆಸೆಯನ್ನು ನೇರ ತೋರಿಸದೆ, ಅದು ಬೇರೆ ಯಾವ ವಿಚಾರದ ವೇಷ ಹಾಕಿಕೊಂಡು ಬರುತ್ತೆ ಅಂತ ತೋರಿಸೋದು. ಸಮಿತಿ ಸೇರುವ ಮನೆಯ ಒಡತಿ ಡಿಯೋಟಿಮಾಗೆ ಅದು ‘ಆತ್ಮ’ದ ಮಾತು, ಶ್ರೀಮಂತ ಉದ್ಯಮಿ ಆರ್ನ್‌ಹೈಮ್‌ಗೆ ತತ್ತ್ವ ಮತ್ತು ವ್ಯಾಪಾರ ಸೇರಿದ ಭಾಷಣ. ಕಥಾನಾಯಕ ಉಲ್ರಿಚ್‌ನ ಪ್ರೇಯಸಿ ಬೋನಾಡೇಯಾ ಒಬ್ಬಳದು ಮಾತ್ರ ವೇಷವಿಲ್ಲದ ಆಸೆ. ಬೇಕಂತಲೇ ಅವಳಿಗೆ ಶೀಲದ ದೇವತೆಯೊಬ್ಬಳ ಹೆಸರಿಟ್ಟಿದ್ದಾನೆ.

ಬಿಟ್ಟು ಓದಬಹುದು, ಆದರೆ ಎಳೆ ಹಿಡಿದು ಬಿಡಿ. ಮೊದಲ ಭಾಗದ 19 ಅಧ್ಯಾಯ ಪೂರ್ತಿ ಓದಲೇಬೇಕು. ಎರಡನೇ ಭಾಗದಲ್ಲಿ, ಅಂದರೆ 20ರಿಂದ 123ರವರೆಗೆ, ಉತ್ಸವದ ಮುಂದಾಳು ಕೌಂಟ್ ಲೈನ್ಸ್‌ಡಾರ್ಫ್‌ನ ಸಭೆಗಳನ್ನು ವೇಗವಾಗಿ ದಾಟಿದರೂ ನಷ್ಟ ಹೆಚ್ಚಿಲ್ಲ. ಮೋಸ್‌ಬ್ರುಗ್ಗರ್ ಬರುವಲ್ಲಿ ಮಾತ್ರ ನಿಧಾನಿಸಿ: 18, 59, 87. ವೇಶ್ಯೆಯೊಬ್ಬಳನ್ನು ಕೊಂದ ಬಡಗಿ ಅವನು. ಹುಚ್ಚನೋ, ಹೊಣೆಗಾರನೋ ಅಂತ ನ್ಯಾಯಾಲಯಕ್ಕೆ ತೀರ್ಮಾನಿಸೋಕೆ ಆಗ್ತಿಲ್ಲ. ನಗರದ ಸಭ್ಯರಿಗೆಲ್ಲ ಅವನ ಮೇಲೊಂದು ಗುಟ್ಟಿನ ಸೆಳೆತ, ಕ್ಲಾರಿಸ್ಸ್‌ಗಂತೂ ಅದೇ ಗೀಳಾಗುತ್ತೆ. 62ನೇ ಅಧ್ಯಾಯ ಕಷ್ಟದ್ದು, ಆದರೆ ಉಲ್ರಿಚ್ ಯಾಕೆ ಯಾವ ತೀರ್ಮಾನಕ್ಕೂ ಅಂಟಿಕೊಳ್ಳಲ್ಲ ಅನ್ನೋದು ಅಲ್ಲಿ ಬಿಟ್ಟರೆ ಬೇರೆಲ್ಲೂ ಅಷ್ಟು ಬಿಡಿಸಿ ಹೇಳಿಲ್ಲ. ಬೇಜಾರಾದ ದಿನ 100ಕ್ಕೆ ಹಾರಿ. ಜನರಲ್ ಸ್ಟುಮ್ ಗ್ರಂಥಾಲಯಕ್ಕೆ ಹೋಗಿ, 35 ಲಕ್ಷ ಪುಸ್ತಕಗಳನ್ನು ದಿನಕ್ಕೊಂದರಂತೆ ಓದಿದರೆ ಹತ್ತು ಸಾವಿರ ವರ್ಷ ಹಿಡಿಯುತ್ತೆ ಅಂತ ಲೆಕ್ಕ ಹಾಕೋ ಅಧ್ಯಾಯ ಅದು. ಹಿಂದಿನದು ನೆನಪಿಲ್ಲದಿದ್ದರೂ ನಗು ಬರುತ್ತೆ.

ಕಿರುಗಥೆಪ್ರಿಯ:

ನನ್ನ ಸಲಹೆ ಬೇರೆ: ದೊಡ್ಡದನ್ನು ಮುಚ್ಚಿಟ್ಟು 1924ರ ‘ಮೂವರು ಹೆಂಗಸರು’ ಸಂಕಲನದ ‘ಟೊಂಕಾ’ ಓದಿ. ವಿಜ್ಞಾನ ಓದುತ್ತಿರುವ ಯುವಕ, ಅವನ ಜೊತೆ ಬಾಳುವ ಹೆಚ್ಚು ಮಾತಾಡದ ಹುಡುಗಿ. ಅವಳು ಬಸುರಿ, ಜೊತೆಗೊಂದು ರೋಗ. ದಿನದ ಲೆಕ್ಕ ಹಾಕಿದರೆ ಅವನು ಊರಲ್ಲಿರಲಿಲ್ಲ, ರೋಗವೂ ಅವನಿಂದ ಬಂದದ್ದಲ್ಲ. ವೈದ್ಯರ ಮಾತೆಲ್ಲ ಅವಳ ವಿರುದ್ಧ, ಅವಳು ಮಾತ್ರ ತಪ್ಪು ಮಾಡಿಲ್ಲ ಅಂತಾಳೆ. ನಿಜ ಏನು ಅಂತ ಕಥೆ ಕೊನೆಗೂ ಹೇಳಲ್ಲ. ಇಲ್ಲಿ ಓದುಗರು ಎಡವೋದು ಪತ್ತೇದಾರಿಕೆ ಮಾಡೋಕೆ ಹೋಗಿ. ಸಂಭವನೀಯತೆಯ ಲೆಕ್ಕ ಮತ್ತು ನಂಬಿಕೆ ಒಂದನ್ನೊಂದು ಸೋಲಿಸಲಾರವು, ಆ ಯುವಕ ಎರಡರ ನಡುವೆ ಸವೆದುಹೋಗ್ತಾನೆ. ಕಥೆ ಇರೋದು ಅಲ್ಲಿ. ಇಷ್ಟು ಹಿಡಿತಕ್ಕೆ ಸಿಕ್ಕರೆ ಉಲ್ರಿಚ್ ಕೂಡ ಅರ್ಧ ಅರ್ಥವಾದ ಹಾಗೆ.

ಎಲ್ಲರೂ ಅವನ ಮೊದಲ ಕಾದಂಬರಿ ‘ಟೋರ್ಲೆಸ್’ (1906) ಮೊದಲು ಓದಿ ಅಂತಾರೆ. ಚಿಕ್ಕದು ನಿಜ, ಆದರೆ ಸೈನಿಕ ವಸತಿಶಾಲೆಯ ಕ್ರೌರ್ಯದ ಕಥೆ ಅಂತಷ್ಟೇ ಓದಿ ಮುಗಿಸೋ ಅಪಾಯ ಇದೆ. ಬಸೀನಿ ಹಣ ಕದ್ದು ಸಿಕ್ಕಿಬೀಳ್ತಾನೆ, ರೈಟಿಂಗ್ ಮತ್ತು ಬೈನೆಬೆರ್ಗ್ ಅಟ್ಟದ ಮೇಲೆ ಅವನನ್ನು ಹಿಂಸಿಸ್ತಾರೆ; ಇದು ಮೇಲ್ಪದರ. ಟೋರ್ಲೆಸ್‌ನನ್ನು ಕಾಡೋದು ಕಾಲ್ಪನಿಕ ಸಂಖ್ಯೆ: ಇಲ್ಲದ ಒಂದು ಸಂಖ್ಯೆಯನ್ನು ಹಿಡಿದು ಲೆಕ್ಕ ಮಾಡಿದರೆ ಸರಿಯಾದ ಉತ್ತರ ಹೇಗೆ ಬರುತ್ತೆ? ಗಣಿತದ ಮೇಷ್ಟ್ರನ್ನು ಕೇಳಿದರೆ ಕಾಂಟ್‌ನ ಪುಸ್ತಕ ತೋರಿಸಿ ಜಾರಿಕೊಳ್ತಾರೆ. ಬಸೀನಿಯ ಬಗ್ಗೆ ತನಗೆ ಹುಟ್ಟಿದ ಆಸೆಯೂ ಅವನಿಗೆ ಅಂಥದ್ದೇ ಒಗಟು. ಗಣಿತದ ಪುಟಗಳನ್ನು ಹಾರಿಸಿದವರಿಗೆ ಅರ್ಧ ಕಾದಂಬರಿಯೇ ಸಿಗಲ್ಲ.

‘ಒಂದಾಗುವಿಕೆಗಳು’ (1911) ಸಂಕಲನವನ್ನು ಕೊನೆಗಿಡಿ. ಎರಡೇ ಕಥೆ, ಅದಕ್ಕೆ ಸುಮಾರು ಎರಡೂವರೆ ವರ್ಷ ತಗೊಂಡಿದ್ದ. ಅದರ ಒಂದು ಕಥೆಯಲ್ಲಿ ಕ್ಲೌಡೀನ್ ಎಂಬ ಹೆಂಗಸು ರೈಲು ಹತ್ತಿ ಮಗಳ ಶಾಲೆಗೆ ಹೋಗ್ತಾಳೆ, ಹಿಮದಲ್ಲಿ ಸಿಲುಕ್ತಾಳೆ, ಅಪರಿಚಿತನೊಬ್ಬನಿಗೆ ಒಲಿಯುತ್ತಾಳೆ, ಮತ್ತು ಗಂಡನ ಮೇಲಿನ ಪ್ರೀತಿ ಅದರಲ್ಲೇ ಪೂರ್ಣವಾಯ್ತು ಅಂತ ಅನುಭವಿಸ್ತಾಳೆ. ಘಟನೆ ಇಷ್ಟೇ. ಉಳಿದದ್ದೆಲ್ಲ ಉಪಮೆಯ ಮೇಲೆ ಉಪಮೆ, ಅದರಲ್ಲೇ ಭಾವನೆ ಚೂರುಚೂರೇ ಜರುಗುತ್ತೆ. ಒಂದು ಸಲಕ್ಕೆ ನಾಲ್ಕೈದು ಪುಟಕ್ಕಿಂತ ಹೆಚ್ಚು ಓದಿದರೆ ಕಣ್ಣು ಓಡುತ್ತೆ, ತಲೆಗೆ ಏನೂ ಇಳಿಯಲ್ಲ.

ಅರೆಓದು:

ಇಬ್ಬರಿಗೂ ಧನ್ಯವಾದ. ವಿಯೆನ್ನಾ, ಅದೇ ಕಾಲ, ಕಾಮ ಅಂದಮೇಲೆ ಫ್ರಾಯ್ಡ್ ಓದಿಕೊಂಡು ಬಂದರೆ ಅನುಕೂಲ ಆಗುತ್ತಾ? ಮತ್ತೆ, ನನ್ನ ಆವೃತ್ತಿಯ ಕೊನೆಗೆ ದಪ್ಪನೆಯ ಕರಡಿನ ಭಾಗ ಇದೆ, ಅದೇನು ಮಾಡಲಿ?

ಅಂಚಿನಟಿಪ್ಪಣಿ:

ಫ್ರಾಯ್ಡ್ ಬೇಡ, ದಾರಿ ತಪ್ಪಿಸ್ತಾನೆ. ಮೂಸಿಲ್ ಎಂಜಿನಿಯರಿಂಗ್ ಮುಗಿಸಿ, ಬರ್ಲಿನ್ನಿನಲ್ಲಿ ಕಾರ್ಲ್ ಸ್ಟುಂಫ್ ಹತ್ತಿರ ತತ್ತ್ವಶಾಸ್ತ್ರ, ಪ್ರಾಯೋಗಿಕ ಮನಶ್ಶಾಸ್ತ್ರ ಕಲಿತವನು. 1908ರ ಡಾಕ್ಟರೇಟ್ ಪ್ರಬಂಧ ಭೌತವಿಜ್ಞಾನಿ ಎರ್ನ್ಸ್ಟ್ ಮಾಖ್‌ನ ವಿಚಾರಗಳ ಮೇಲೆ. ‘ನಾನು’ ಅನ್ನೋದು ಗಟ್ಟಿ ವಸ್ತುವಲ್ಲ, ಸಂವೇದನೆಗಳ ಸಡಿಲ ಕಟ್ಟು ಅನ್ನೋದು ಮಾಖ್‌ನ ವಾದ. ಉಲ್ರಿಚ್‌ಗೆ ಅದೇ ತಳಪಾಯ. ಫ್ರಾಯ್ಡ್‌ನ ಈಡಿಪಸ್ ಸಿದ್ಧಾಂತವನ್ನಂತೂ ಮೂಸಿಲ್ ಒಂದು ಪ್ರಬಂಧದಲ್ಲಿ ಚೆನ್ನಾಗಿ ಗೇಲಿ ಮಾಡಿದ್ದಾನೆ. ಬಾಲ್ಯದಲ್ಲಿ ಮುಚ್ಚಿಟ್ಟ ಕಾರಣ ಹುಡುಕ್ತಾ ಓದಿದರೆ ಪ್ರತಿ ಪಾತ್ರಕ್ಕೂ ಒಂದು ರೋಗದ ಹೆಸರು ಸಿಗುತ್ತೆ, ಪಾತ್ರ ಮಾತ್ರ ಕೈಯಿಂದ ಜಾರುತ್ತೆ.

ಹಸ್ತಪ್ರತಿ:

ಕರಡಿನ ವಿಷಯ ನಾನು ಹೇಳ್ತೇನೆ, ಹೆಚ್ಚು ಗೊಂದಲ ಆಗೋದು ಅಲ್ಲೇ.

ಮೂಸಿಲ್ ಬದುಕಿದ್ದಾಗ ಹೊರಬಂದದ್ದು ಎರಡು ಸಂಪುಟ. 1930ರದ್ದು 123ನೇ ಅಧ್ಯಾಯದವರೆಗೆ. 1932ರ ಕೊನೆಯಲ್ಲಿ ಬಂದ ಎರಡನೆಯದು ಮೂರನೇ ಭಾಗದ 38 ಅಧ್ಯಾಯ. ಗಮನಿಸಿ, ಮೂರನೇ ಭಾಗದಲ್ಲಿ ಸಂಖ್ಯೆ ಮತ್ತೆ ಒಂದರಿಂದ ಶುರುವಾಗುತ್ತೆ. ಯಾರಾದರೂ ಬರೀ ‘12ನೇ ಅಧ್ಯಾಯ’ ಅಂದರೆ ಯಾವ ಭಾಗದ್ದು ಅಂತ ಕೇಳಿಕೊಳ್ಳಿ. ಅಪ್ಪ ಸತ್ತ ಮನೆಯಲ್ಲಿ ಉಲ್ರಿಚ್‌ಗೆ ತಂಗಿ ಅಗಾಥೆ ಸಿಗೋದು ಇಲ್ಲಿ. ಅಣ್ಣ ತಂಗಿಯ ನಡುವಿನ ಸೆಳೆತ, ಅವಳು ಉಯಿಲು ತಿದ್ದೋದು, ಇಬ್ಬರೂ ಹುಡುಕುವ ‘ಬೇರೊಂದು ಸ್ಥಿತಿ’, ಪುಸ್ತಕದ ಸ್ವರವೇ ಬದಲಾಗುತ್ತೆ. ಎರಡನೇ ಭಾಗದಲ್ಲಿ ಸೋತವರು ನೇರ ಮೂರಕ್ಕೆ ಬಂದರೂ ನನ್ನ ತಕರಾರಿಲ್ಲ, ಮೇಲಿನವರು ಒಪ್ಪಲಿಕ್ಕಿಲ್ಲ.

ಮುಂದಿನ 20 ಅಧ್ಯಾಯ, 39ರಿಂದ 58, ಅಚ್ಚಿನ ಕರಡಿನವರೆಗೆ ಹೋಗಿದ್ದವು. 1938ರಲ್ಲಿ ತಿದ್ದೋಕೆಂದು ವಾಪಸ್ ತಗೊಂಡ. ಆಸ್ಟ್ರಿಯಾ ನಾತ್ಸಿಗಳ ಕೈಸೇರಿದ ಮೇಲೆ ಸ್ವಿಟ್ಜರ್ಲೆಂಡಿಗೆ ಹೋದವನು, 1942ರ ಏಪ್ರಿಲ್ 15ರಂದು ಜಿನೀವಾದಲ್ಲಿ ತೀರಿಕೊಳ್ಳುವವರೆಗೂ ಅವನ್ನೇ ತಿದ್ದುತ್ತಿದ್ದ. ಇವನ್ನು ಓದಿ, ನಡುವೆ ಬರುವ ಉಲ್ರಿಚ್‌ನ ಭಾವನಾಸಿದ್ಧಾಂತದ ಟಿಪ್ಪಣಿ ಒಣಕಲು ಅನ್ನಿಸಿದರೂ.

ಅದರಾಚೆಗಿನದು ಬಿಡಿ ಹಾಳೆಗಳು. ‘ಸ್ವರ್ಗಪ್ರಯಾಣ’ ಅಂತ ಒಂದು ಕರಡಿದೆ, ಅದರಲ್ಲಿ ಅಣ್ಣ ತಂಗಿ ಸಮುದ್ರತೀರದಲ್ಲಿ ದೇಹದಿಂದಲೂ ಸೇರುತ್ತಾರೆ. ಅದನ್ನೇ ಕಾದಂಬರಿಯ ಕೊನೆ ಅಂತ ಬಹಳ ಜನ ತಿಳಿದಿದ್ದಾರೆ. ಅದು 1920ರ ದಶಕದ ಹಳೆಯ ಯೋಜನೆ. ಸಂಪಾದಕ ಆಡೊಲ್ಫ್ ಫ್ರಿಸೆ 1952ರ ಆವೃತ್ತಿಯಲ್ಲಿ ಅದನ್ನು ಕೊನೆಯ ಕಡೆಗೆ ಜೋಡಿಸಿದ್ದರಿಂದ ಹಾಗೆ ಕಾಣುತ್ತೆ, ಆಗಲೇ ಈ ಜೋಡಣೆಗೆ ಆಕ್ಷೇಪ ಬಂದಿತ್ತು. ಕೊನೆಯ ವರ್ಷಗಳ ತಿದ್ದುಪಡಿಯಲ್ಲಿ ಇಬ್ಬರೂ ತೋಟದಲ್ಲಿ ಕೂತು ಮಾತಾಡ್ತಾರೆ, ಅಷ್ಟೇ.

ಇಂಗ್ಲಿಷ್ ಆವೃತ್ತಿ ಬಗ್ಗೆ: 1953ರಿಂದ 1960ರವರೆಗೆ ಬಂದ ಮೂರು ಸಂಪುಟದ ಹಳೆಯ ಅನುವಾದದಲ್ಲಿ ಈ ಕರಡು ಇಲ್ಲ. 1995ರ ಸೋಫೀ ವಿಲ್ಕಿನ್ಸ್, ಬರ್ಟನ್ ಪೈಕ್ ಅವರದ್ದರಲ್ಲಿದೆ, ನಿಮ್ಮ ಹತ್ತಿರ ಇರೋದು ಅದೇ ಇರಬೇಕು. ಮೂರನೇ ಭಾಗದ 38ಕ್ಕೆ ಒಂದು ಚೀಟಿ ಇಡಿ, 58ಕ್ಕೆ ಇನ್ನೊಂದು. ಮೊದಲ ಓದಿಗೆ ಎರಡನೇ ಚೀಟಿ ದಾಟಬೇಡಿ.