ನಮ್ಮ ದೇಹ ಇರೋದು ಮಾಂಸಕ್ಕಾ, ಸೊಪ್ಪು ಕಾಳಿಗಾ?

ವಿದ್ಯಾನಗರದವಳು, ದಾವಣಗೆರೆ:
ತಮ್ಮ ಜಿಮ್‌ಗೆ ಸೇರಿದ ಮೇಲೆ ಮನೆಯಲ್ಲಿ ದಿನಾ ಇದೇ ಚರ್ಚೆ. ಅವನಿಗೆ ಮುದ್ದೆ ಬೇಡ, ಅನ್ನ ಬೇಡ, ಬರೀ ಚಿಕನ್ ಮತ್ತು ಮೊಟ್ಟೆ. "ಆದಿಮಾನವ ಬೇಟೆಗಾರ, ನಮ್ಮ ಮೈ ಮಾಂಸಕ್ಕೇ ಆಗಿರೋದು" ಅಂತಾನೆ. ದೊಡ್ಡಪ್ಪ ಹಾಲು ಮೊಸರೂ ಬಿಟ್ಟವರು. "ಇದೇನು ಹುಲಿ ಹಲ್ಲಾ?" ಅಂತ ಬಾಯಿ ತೆರೆದು ತೋರಿಸ್ತಾರೆ. ಅಮ್ಮನಿಗೆ ಎರಡೆರಡು ಅಡುಗೆ ಮಾಡಿ ಸಾಕಾಗಿದೆ. ಓದಿಕೊಂಡವರು ಯಾರಾದ್ರೂ ಬಿಡಿಸಿ ಹೇಳ್ತೀರಾ?

ಹೊಳಲ್ಕೆರೆ ಮೇಷ್ಟ್ರು:
ಜೀವಶಾಸ್ತ್ರ ಪಾಠ ಮಾಡ್ತೀನಮ್ಮ, ಅದಕ್ಕೇ ಬರೆಯುತ್ತಿದ್ದೇನೆ. ಇಬ್ಬರೂ ಅರ್ಧ ಮಾತ್ರ ಸರಿ.

ಹುಲಿ ಹಲ್ಲು ಇಲ್ಲ, ನಿಜ. ಆದರೆ ಕೈಯಲ್ಲಿ ಚೂಪು ಕಲ್ಲಿತ್ತು. ಇಥಿಯೋಪಿಯಾದಲ್ಲಿ ಸಿಕ್ಕ ಸುಮಾರು 25 ಲಕ್ಷ ವರ್ಷ ಹಳೆಯ ಪ್ರಾಣಿ ಮೂಳೆಗಳ ಮೇಲೆ ಕಲ್ಲಿನಿಂದ ಕೊಯ್ದ ಗೆರೆಗಳಿವೆ. ಮಜ್ಜೆಗಾಗಿ ಜಜ್ಜಿದ ಗುರುತೂ ಇದೆ.

ಇನ್ನು ತಮ್ಮನಿಗೆ ಒಂದು ಕೆಲಸ ಹೇಳಿ. ಒಗ್ಗರಣೆ ಹಾಕದ ಮಂಡಕ್ಕಿ ಒಂದು ಹಿಡಿ ಬಾಯಿಗೆ ಹಾಕಿ, ನುಂಗದೆ ಅಗಿಯಲಿ. ಸ್ವಲ್ಪ ಹೊತ್ತಿಗೆ ಸಿಹಿಯಾಗುತ್ತೆ. ಎಂಜಲಿನ ಅಮೈಲೇಸ್ ಪಿಷ್ಟವನ್ನು ಒಡೆಯುವುದರಿಂದ ಹಾಗಾಗುತ್ತೆ. ಅದರ ಜೀನ್ ಚಿಂಪಾಂಜಿಯಲ್ಲಿ ಎರಡೇ ನಕಲು. ನಮ್ಮಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ. ಬರೀ ಮಾಂಸ ತಿನ್ನುವ ಪ್ರಾಣಿಗೆ ಇಷ್ಟೆಲ್ಲ ಯಾಕೆ ಬೇಕು?

ಬೆಕ್ಕು ವಿಟಮಿನ್ ಸಿ ಅನ್ನು ತನ್ನ ಮೈಯಲ್ಲೇ ತಯಾರಿಸುತ್ತೆ, ನಮಗೆ ಆಗಲ್ಲ. ನಮಗೆ ಹಣ್ಣು, ಸೊಪ್ಪು ಬೇಕೇ ಬೇಕು. ಆದರೆ ಬಿ12 ಸೊಪ್ಪು ಕಾಳಲ್ಲಿ ಸಿಗಲ್ಲ. ಹಾಲು, ಮೊಟ್ಟೆ, ಮೀನು, ಮಾಂಸದಿಂದ ಬರಬೇಕು. ಇಲ್ಲವೇ ಮಾತ್ರೆ.

ಮೊಳಕಾಲ್ಮೂರು ಕಡೆಯವನು:
ಮೇಷ್ಟ್ರ ಮಾತಿಗೆ ಒಂದು ಸೇರಿಸ್ತೀನಿ. ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದ್ದರು. ಅಲ್ಲಿದ್ದಂಥ ನವಶಿಲಾಯುಗದ ಜನ ಈ ಸೀಮೆಯಲ್ಲೆಲ್ಲ ದನ ಸಾಕುತ್ತಿದ್ದರು, ಹುರುಳಿ, ಹೆಸರು, ಕೊರಲೆ ತಿನ್ನುತ್ತಿದ್ದರು. ಮಳೆ ಕೈಕೊಡೋ ನಾಡಲ್ಲಿ ಒಂದನ್ನೇ ನಂಬಿ ಬದುಕೋಕೆ ಆಗಲ್ಲ ಅಲ್ವಾ?

ವಿದ್ಯಾನಗರದವಳು:
ತುಂಬಾ ಥ್ಯಾಂಕ್ಸ್ ಸರ್. ತಮ್ಮ ಮಂಡಕ್ಕಿ ಅಗಿದು ನೋಡಿದ, ಸುಮ್ಮನಾದ. ಆದರೆ ಬಿ12 ಅಂದ ಮೇಲೆ ನನಗೆ ದೊಡ್ಡಪ್ಪನದೇ ಚಿಂತೆ. ಅಂಗಾಲು ಜುಮ್ ಅನ್ನುತ್ತೆ ಅಂತ ಆಗಾಗ ಹೇಳ್ತಿರ್ತಾರೆ.

ಹೊಳಲ್ಕೆರೆ ಮೇಷ್ಟ್ರು:
ತಡಮಾಡಬೇಡಿ. ಬಿ12 ಕಡಿಮೆಯಾದರೆ ನರಕ್ಕೆ ಪೆಟ್ಟು. ಸಕ್ಕರೆ ಕಾಯಿಲೆಯಿಂದಲೂ ಹಾಗಾಗಬಹುದು. ವೈದ್ಯರಿಗೆ ತೋರಿಸಿ, ಎರಡಕ್ಕೂ ರಕ್ತ ಪರೀಕ್ಷೆ ಮಾಡಿಸಿ. ಹಾಲು ಬಿಟ್ಟಿರೋದನ್ನು ಅವರಿಗೆ ಮರೆಯದೆ ಹೇಳಿ.