ಪದಚರ್ಚೆ: ‘ಉಚ್ಚೆ ಕಟ್ಟಿದೆ’ ಅಂದರೆ ನಿಮ್ಮ ಕಡೆ ಏನರ್ಥ?

ಎಲ್ಲರಿಗೂ ನಮಸ್ಕಾರ. ವಯಸ್ಸಾದ ಗಂಡಸರ ಪ್ರಾಸ್ಟೇಟ್ (ಮೂತ್ರಚೀಲದ ಕೆಳಗಿರುವ ಗ್ರಂಥಿ) ತೊಂದರೆ ಬಗ್ಗೆ ಒಂದು ಪುಟದ ಪ್ರಶ್ನೆಪಟ್ಟಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಡಾಕ್ಟರುಗಳು ಬಳಸುವ ಏಳು ಪ್ರಶ್ನೆಗಳ ಪಟ್ಟಿಯೇ ಇದಕ್ಕೆ ಆಧಾರ. ಕಳೆದ ಒಂದು ತಿಂಗಳು ಹೇಗಿತ್ತು ಅಂತ ಕೇಳಿ, ಒಂದೊಂದಕ್ಕೂ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ಒಟ್ಟು 7ರೊಳಗಿದ್ದರೆ ತೊಂದರೆ ಕಡಿಮೆ, 20 ಮುಟ್ಟಿದರೆ ಜಾಸ್ತಿ.

ನಮ್ಮ ದೊಡ್ಡಪ್ಪನನ್ನು ‘ಮೂತ್ರದ ತೊಂದರೆ ಇದೆಯಾ?’ ಅಂತ ಕೇಳಿದೆ. ‘ಏನಿಲ್ಲಪ್ಪ, ಸ್ವಲ್ಪ ಉಷ್ಣ’ ಅಂದರು. ‘ಒಂದಕ್ಕೆ ಹೋಗಿ ಬಂದ ಮೇಲೂ ಇನ್ನೂ ಉಳಿದ ಹಾಗೆ ಅನಿಸುತ್ತಾ?’ ಅಂದಾಗ, ‘ಹೂಂ ಮತ್ತೆ, ಅದು ಇದ್ದದ್ದೇ’ ಅಂತ ಶುರು ಮಾಡಿದರು. ಧಾರೆ ಸಣ್ಣಗಾಗಿದೆ, ಬಿಟ್ಟು ಬಿಟ್ಟು ಬರುತ್ತದೆ, ತಿಣುಕಬೇಕು, ರಾತ್ರಿ ನಾಲ್ಕು ಸಲ ಏಳಬೇಕು. ಹಾಗಾಗಿ ‘ಮೂತ್ರ ವಿಸರ್ಜನೆ’ಯನ್ನು ಪೂರ್ತಿ ಕೈಬಿಟ್ಟಿದ್ದೇನೆ.

ನಾನು ಸಿಕ್ಕಿಬಿದ್ದಿರುವುದು ‘ಕಟ್ಟು’ ಅನ್ನುವ ಮಾತಿನಲ್ಲಿ. ‘ಉಚ್ಚೆ ಕಟ್ಟಿದೆ’ ಅಂದಾಗ ಕೆಲವರ ಅರ್ಥ ಸರಾಗವಾಗಿ ಬರುತ್ತಿಲ್ಲ ಅಂತ. ಮೂಗು ಕಟ್ಟಿದರೂ ಒಂದು ಹೊಳ್ಳೆ ಆಡುತ್ತಿರುತ್ತದಲ್ವಾ, ಹಾಗೆ. ಇನ್ನು ಕೆಲವರಿಗೆ ಅದು ಒಂದು ಹನಿಯೂ ಬರದೆ, ಕಿಬ್ಬೊಟ್ಟೆ ಉಬ್ಬಿ, ನೋವಿನಲ್ಲಿ ಒದ್ದಾಡುವ ಸ್ಥಿತಿ. ಎರಡಕ್ಕೂ ಅಜಗಜಾಂತರ. ಮೊದಲನೆಯದಕ್ಕೆ ಈ ವಾರ ಯಾವಾಗಾದರೂ ಡಾಕ್ಟರನ್ನು ಕಂಡರಾಯಿತು. ಎರಡನೆಯದಾದರೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ, ಆಸ್ಪತ್ರೆಯಲ್ಲಿ ನಳಿಕೆ ಹಾಕಿ ಖಾಲಿ ಮಾಡಬೇಕು. ಅಂಥ ಹೊತ್ತಲ್ಲಿ ‘ಉಷ್ಣ’ ಅಂತ ಬಾರ್ಲಿ ನೀರು ಕುಡಿಸಿದರೆ ಒದ್ದಾಟ ಇನ್ನೂ ಜಾಸ್ತಿ. ಪ್ರಾಸ್ಟೇಟ್ ದೊಡ್ಡದಾಗಿರುವವರಿಗೆ ಕೆಲವು ನೆಗಡಿ ಮಾತ್ರೆ ನುಂಗಿದ ಮೇಲೂ ಹೀಗಾಗುವುದುಂಟು.

ಸದ್ಯಕ್ಕೆ ‘ಒಂದು ಹನಿಯೂ ಬರುತ್ತಿಲ್ಲ’ ಅಂತ ಬರೆದಿದ್ದೇನೆ. ಇದಕ್ಕೇ ಮೀಸಲಾದ ಒಂದು ಮಾತು ನಿಮ್ಮ ಊರಲ್ಲಿ ಇದೆಯಾ?

‘ಉರಿಮೂತ್ರ’ವನ್ನು ಬೇರೆ ಪ್ರಶ್ನೆ ಮಾಡಿದ್ದೇನೆ. ಉರಿಯ ಜೊತೆ ಜ್ವರ ಇದ್ದರೆ ಸೋಂಕಿರಬಹುದು. ಪ್ರಾಸ್ಟೇಟ್ ಬರೀ ದೊಡ್ಡದಾದಾಗ ಉರಿ ಇರಲೇಬೇಕೆಂದಿಲ್ಲ. ಉಚ್ಚೆ ಕೆಂಪಗೆ ಹೋದರೆ, ಒಂದೇ ಸಲವಾದರೂ, ತೋರಿಸಲೇಬೇಕು. ಸುಮ್ನೆ ಬೀಟ್‌ರೂಟ್ ಮೇಲೆ ಹಾಕುವುದು ಬೇಡ.

ಇನ್ನೊಂದು, ‘ಶುಗರ್ ಇದೆ’ ಅನ್ನುವ ಹಾಗೆ ‘ಅವರಿಗೆ ಪ್ರಾಸ್ಟೇಟ್ ಇದೆ’ ಅನ್ನುತ್ತಾರೆ. ಗಂಡಸರಿಗೆಲ್ಲ ಇರುವ ಅಂಗ ಅದು! ನಗು ಬಂದರೂ ಇದರಲ್ಲಿ ತೊಡಕಿದೆ. ಈ ಒಂದು ಮಾತಿನೊಳಗೆ ವಯಸ್ಸಿಗೆ ಗ್ರಂಥಿ ದಪ್ಪಗಾಗುವುದೂ ಸೇರುತ್ತದೆ, ಕ್ಯಾನ್ಸರೂ ಸೇರುತ್ತದೆ. ಮೊದಲನೆಯದು ಎರಡನೆಯದಾಗಿ ಮಾರ್ಪಡುವುದಿಲ್ಲ. ಆದರೆ ಶುರುವಿನ ಕ್ಯಾನ್ಸರಿಗೆ ಎಷ್ಟೋ ಸಲ ಲಕ್ಷಣವೇ ಇರುವುದಿಲ್ಲ, ಅಂಕ ಕಡಿಮೆ ಬಂತು ಅಂತ ಅದಿಲ್ಲ ಅನ್ನುವಂತಿಲ್ಲ. ‘ಪ್ರಾಸ್ಟೇಟ್ ಗಡ್ಡೆ’ ಅಂದರೆ ಜನ ಹೆದರುತ್ತಾರೆ. ‘ಊದಿದೆ’ ಅಂದರೆ ಮಾತ್ರೆಗೆ ಇಳಿಯುತ್ತದೆ ಅಂದುಕೊಳ್ಳುತ್ತಾರೆ. ನಾನು ‘ದಪ್ಪಗಾಗಿದೆ’ ಅಂತ ಬರೆದಿದ್ದೇನೆ. ಧಾರವಾಡ, ಮಂಗಳೂರು ಕಡೆಯವರಿಗೆ ಇದು ಸರಿ ಕೇಳುತ್ತದಾ?